ಬ್ರೆಡ್ಡಿಗೆ ಕೋಲಿನ ಹೆಸರು

ಪ್ಯಾರಿಸ್ಸಿನ ಬೇಕರಿಯಲ್ಲಿ ‘ಬಗೆಟ್ ಕೊಡಿ’ ಎಂದವರು ಅಕ್ಷರಶಃ ಕೇಳುವುದು ಒಂದು ಕೋಲನ್ನು. ಲ್ಯಾಟಿನ್‌ನಲ್ಲಿ ‘ಬಾಕುಲುಮ್’ ಎಂದರೆ ಊರುಗೋಲು. ಇಟಲಿಯಲ್ಲಿ ಅದು ‘ಬಾಕೆಟ್ಟಾ’ ಎಂಬ ಪುಟ್ಟ ಕೋಲಾಗಿ ಫ್ರೆಂಚಿಗೆ ಬಂತು. ಡ್ರಮ್ ಬಡಿಯುವ ಕಡ್ಡಿ, ಕಿನ್ನರಿಯ ಮಂತ್ರದಂಡ, ಚೀನೀಯರ ಊಟದ ಕಡ್ಡಿ ಎಲ್ಲವೂ ಫ್ರೆಂಚರಿಗೆ ಬಗೆಟ್ಟೇ. ಬ್ರೆಡ್ಡಿಗೆ ಅವರಾಡುವ ಮಾತು ‘ಪ್ಯಾಂ’. ನಮ್ಮ ಪಾವ್‌ಭಾಜಿಯ ‘ಪಾವ್’ ಪೋರ್ಚುಗೀಸರ ಜೊತೆ ಹಡಗೇರಿ ಬಂದ ಅದರ ದಾಯಾದಿ. ಬಗೆಟ್‌ಗಿಂತ ಸಣಕಲು ಬ್ರೆಡ್ಡನ್ನು ‘ಫಿಸೆಲ್’, ಅಂದರೆ ದಾರ, ಎನ್ನುತ್ತಾರೆ. ಬೇಕರಿಯವನ ಹೆಸರಾದ ‘ಬುಲಾಂಜೆ’ಯಲ್ಲೂ ಅಡಗಿರುವುದು ಹಳೆಯ ಗುಂಡು ಬ್ರೆಡ್ಡೇ. ಹೀಗೆ ಕಣ್ಣಳತೆಯಲ್ಲಿ ಇಟ್ಟ ಹೆಸರಿಗೆ ಒಬ್ಬ ಜನಕನನ್ನು ಹುಡುಕುವುದು ವ್ಯರ್ಥ ಎಂಬುದು ನನ್ನ ವಾದ.

ಹುಡುಕಿದವರೇನೂ ಕಡಿಮೆಯಿಲ್ಲ. ನೆಪೋಲಿಯನ್ನನ ಸೈನಿಕರು ಚಲ್ಲಣಕ್ಕೆ ಸಿಕ್ಕಿಸಿಕೊಳ್ಳಲೆಂದು ಹುಟ್ಟಿತು ಎನ್ನುವವರಿದ್ದಾರೆ. ಮೆಟ್ರೋ ಸುರಂಗದ ಕೂಲಿಗಳು ಚಾಕು ತರದಿರಲಿ ಎಂದು ಕೈಯಲ್ಲೇ ಮುರಿಯುವ ಬ್ರೆಡ್ ಮಾಡಿಸಿದರಂತೆ. ಕೇಳಲು ಚೆನ್ನ, ದಾಖಲೆಯಿಲ್ಲ. ಗಟ್ಟಿ ಆಕ್ಷೇಪ 1919ರ ಕಾನೂನಿನದು: ರಾತ್ರಿ 10ರಿಂದ ಬೆಳಗಿನ 4ರವರೆಗೆ ಬೇಕರಿ ಕೆಲಸ ನಿಷಿದ್ಧವಾಯಿತು, ಬೇಗ ಬೇಯುವ ತೆಳ್ಳನೆಯ ಬ್ರೆಡ್ ಅನಿವಾರ್ಯವಾಯಿತು ಎಂದು. ಮರುವರ್ಷವೇ ಪ್ಯಾರಿಸ್ಸಿನ ಸರ್ಕಾರಿ ಆದೇಶವೊಂದು ಬಗೆಟ್‌ನ ತೂಕ, ಉದ್ದ, ಬೆಲೆ ಗೊತ್ತುಮಾಡಿದ್ದೂ ನಿಜ. ಆದರೆ ಉದ್ದನೆಯ ಬ್ರೆಡ್ಡುಗಳು ಅದಕ್ಕೂ ಎಷ್ಟೋ ಮೊದಲೇ ಅಲ್ಲಿ ಮಾರಾಟದಲ್ಲಿದ್ದವು. ಕಾನೂನು ಅವಕ್ಕೆ ಗಿರಾಕಿ ಹೆಚ್ಚಿಸಿರಬಹುದು, ಹೆತ್ತಿತು ಎನ್ನಲಾಗದು.

ಬಗೆಟ್‌ನ ಪಾಕಕ್ಕೂ ಕಾಯಿದೆಯಿದೆಯಲ್ಲ, ಬರಿಯ ಆಕಾರ ಎನ್ನುವುದು ಹೇಗೆ ಎಂದು ಕೇಳಬಹುದು. 1993ರ ಆಜ್ಞೆ ಕಾಯುವುದು ‘ಫ್ರೆಂಚ್ ಸಂಪ್ರದಾಯದ ಬ್ರೆಡ್’ ಎಂಬ ಹೆಸರನ್ನು: ಗೋಧಿಹಿಟ್ಟು, ನೀರು, ಉಪ್ಪು, ಹುದುಗು, ರಾಸಾಯನಿಕ ಬೆರಕೆ ಕೂಡದು, ಹಿಟ್ಟನ್ನು ಫ್ರೀಜ್ ಮಾಡಕೂಡದು. ಆ ಬ್ರೆಡ್ ಗುಂಡಗಿದ್ದರೂ ಸಲ್ಲುತ್ತದೆ. 2022ರಲ್ಲಿ ಯುನೆಸ್ಕೊ ಮನ್ನಿಸಿದ್ದೂ ಬಗೆಟ್ ಮಾಡುವ ಕೈಚಳಕವನ್ನು, ಅದರ ಸುತ್ತಲಿನ ಬದುಕನ್ನು.

ಹಾಗೆಂದು ಆಕಾರ ಹಗುರದ ಮಾತಲ್ಲ. ತೆಳ್ಳಗಿರುವುದರಿಂದ ತಿರುಳಿಗೆ ಹೋಲಿಸಿದರೆ ಸಿಪ್ಪೆ ಹೆಚ್ಚು. ಒಲೆಗೆ ತಳ್ಳುವ ಮುನ್ನ ಬ್ಲೇಡಿನಿಂದ ಓರೆಯಾಗಿ ಗೀರುತ್ತಾರೆ. ಹಬೆಯಲ್ಲಿ ಆ ಗೀರು ಬಾಯ್ಬಿಟ್ಟು ಅಂಚು ಕಂದಾಗುತ್ತದೆ. ಬೆಳಿಗ್ಗೆ ಗರಿಗರಿ, ರಾತ್ರಿಗೆ ನಿಜಕ್ಕೂ ಕೋಲು. ಆದ್ದರಿಂದಲೇ ದಿನವೂ ಕೊಳ್ಳಬೇಕು. ಕೊಂಡವರು ಮನೆ ಸೇರುವ ಮೊದಲೇ ತುದಿ ಮುರಿದು ಬಾಯಿಗೆ ಹಾಕಿಕೊಂಡಿರುತ್ತಾರೆ. ಆ ತುಂಡಿಗೆ ‘ಕಿನ್ಯೋಂ’ ಎಂದು ಹೆಸರು. ಅದರ ಲ್ಯಾಟಿನ್ ಬೇರಿನ ಅರ್ಥ ಬೆಣೆ.