ಔಟ್‌ಬೋರ್ಡ್ ಎಂಜಿನ್ನಿನ ಅತಿಯಾದ ಐಡಲ್ ವೇಗ: ಕಾರಣಶೋಧನೆಯ ಕ್ರಮ

ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಔಟ್‌ಬೋರ್ಡ್ ಎಂಜಿನ್ನು, ಅಮೆರಿಕದ ಮಿಲ್ವಾಕಿ ನಗರದಲ್ಲಿ ಓಲೆ ಎವಿನ್‌ರೂಡನು 1909ರಲ್ಲಿ ಮಾರಾಟಕ್ಕೆ ತಂದ ಯಂತ್ರದಿಂದ ಜನಪ್ರಿಯವಾಯಿತು. ಸುಮಾರು ಒಂದೂವರೆ ಅಶ್ವಶಕ್ತಿಯ ಆ ಸರಳ ಯಂತ್ರದಲ್ಲಿ ಎಂಜಿನ್ನು ತಿರುಗಿತೆಂದರೆ ಪ್ರೊಪೆಲರೂ ತಿರುಗುತ್ತಿದ್ದಿತು. ಮುಂದೆ, ಹಿಂದೆ, ತಟಸ್ಥ ಎಂಬ ಮೂರು ಸ್ಥಾನಗಳುಳ್ಳ ಗೇರು ಎರಡನೆಯ ಮಹಾಯುದ್ಧದ ಅನಂತರ ರೂಢಿಗೆ ಬಂದ ಮೇಲೆ, ದೋಣಿ ನಿಂತಿರುವಾಗ ಎಂಜಿನ್ನು ಎಷ್ಟು ಮಂದವಾಗಿ ನಡೆಯಬೇಕೆಂಬ ಪ್ರಶ್ನೆ ಮಹತ್ತ್ವ ಪಡೆಯಿತು. ಈ ಮಂದಗತಿಯನ್ನೇ ಐಡಲ್ ವೇಗವೆನ್ನುವರು.

ಅದು ಹಲವು ಎಂಜಿನ್ನುಗಳಲ್ಲಿ ನಿಮಿಷಕ್ಕೆ 600ರಿಂದ 900 ಸುತ್ತುಗಳಷ್ಟಿರುತ್ತದೆ; ಆಯಾ ಎಂಜಿನ್ನಿನ ಕೈಪಿಡಿಯ ಅಂಕಿಯೇ ಪ್ರಮಾಣ. ವೇಗವು ಮಿತಿಮೀರಿದಾಗ ಗೇರು ಹಾಕಿದರೆ ಕ್ಲಚ್ಚಿನ ಹಲ್ಲುಗಳು ಪರಸ್ಪರ ಬಡಿದು ಸವೆಯುತ್ತವೆ. ದೋಣಿಯೂ ಒಮ್ಮೆಲೇ ಮುನ್ನುಗ್ಗುವುದರಿಂದ ಅದರಲ್ಲಿರುವವರು ಆಯತಪ್ಪಿ ಬೀಳುವ ಅಪಾಯವುಂಟು.

ಮೊದಲು ದೋಷವು ನಿಜವೇ ಎಂಬುದನ್ನು ನಿಶ್ಚಯಿಸಬೇಕು. ತಣ್ಣಗಿರುವ ಎಂಜಿನ್ನು, ವಿಶೇಷತಃ ಇಂಧನವನ್ನು ವಿದ್ಯುನ್ಮಾನ ಕ್ರಮದಿಂದ ಚಿಮ್ಮಿಸುವ ಬಗೆಯದು, ಕೆಲವು ನಿಮಿಷ ವೇಗವಾಗಿ ನಡೆಯುವುದು ಸಹಜ. ದಡದಲ್ಲಿ ಕೊಳವೆಯಿಂದ ನೀರು ಕೊಟ್ಟು ನಡೆಸಿದಾಗಲೂ, ಪ್ರೊಪೆಲರಿಗೆ ನೀರಿನ ಹೊರೆಯಿಲ್ಲದೆ ಮತ್ತು ಹೊಗೆಮಾರ್ಗಕ್ಕೆ ನೀರಿನ ಒತ್ತಡವಿಲ್ಲದೆ, ವೇಗ ಹೆಚ್ಚಾಗಿ ತೋರುತ್ತದೆ. ಆದಕಾರಣ ಎಂಜಿನ್ನು ಬಿಸಿಯಾದ ಬಳಿಕ, ದೋಣಿಯನ್ನು ಭದ್ರವಾಗಿ ಕಟ್ಟಿ, ನೀರಿನಲ್ಲಿಯೇ ಅಳೆಯತಕ್ಕದ್ದು.

ಅನಂತರ ಎಂಜಿನ್ನನ್ನು ನಿಲ್ಲಿಸಿ, ಕಣ್ಣಿಗೆ ಕಾಣುವ ಕಾರಣಗಳನ್ನು ನೋಡಬೇಕು. ಚಾಲನೆಗೆಂದು ಎತ್ತಿದ ಸನ್ನೆ ಇಳಿಯದೆ ಉಳಿದಿರಬಹುದು. ಉಪ್ಪುನೀರಿನಿಂದ ತುಕ್ಕುಹಿಡಿದ ಥ್ರಾಟಲ್ ಕೇಬಲ್ಲು ಪೂರ್ತಿ ಹಿಂದೆ ಸರಿಯದಿರಬಹುದು. ಕೇಬಲ್ಲನ್ನು ಕಳಚಿದಾಗ ಥ್ರಾಟಲ್ ಕವಾಟವು ತಾನಾಗಿ ಮುಚ್ಚಿಕೊಂಡು, ಮತ್ತೆ ಚಾಲೂ ಮಾಡಿದಾಗ ವೇಗ ಇಳಿದರೆ, ದೋಷ ಕೇಬಲ್ಲಿನದು ಅಥವಾ ಅದರ ಜೋಡಣೆಯದು.

ಕವಾಟ ಸರಿಯಾಗಿ ಮುಚ್ಚಿಯೂ ವೇಗ ಇಳಿಯದಿದ್ದರೆ, ಗಾಳಿ ಬೇರೆ ದಾರಿಯಿಂದ ಒಳನುಗ್ಗುತ್ತಿದೆಯೇ ಎಂದು ಶೋಧಿಸಬೇಕು. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟು ಒಡೆದಾಗ ಅಥವಾ ಕ್ರ್ಯಾಂಕ್ ಕೋಶದ ಸೀಲು ಸವೆದಾಗ ಹೀಗಾಗುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಇದು ಅತ್ಯಂತ ಗಂಭೀರವಾದ ಕಾರಣ. ಗಾಳಿ ಹೆಚ್ಚಿ ಇಂಧನದ ಪಾಲು ಕುಗ್ಗಿದಂತೆ ದಹನದ ಶಾಖ ಏರುತ್ತದೆ. ಇಂಧನದೊಡನೆಯೇ ಎಣ್ಣೆ ಬೆರೆತು ಬರುವ ಯಂತ್ರಗಳಲ್ಲಿ ಎಣ್ಣೆಯೂ ಕಡಿಮೆಯಾಗುತ್ತದೆ. ಕೊನೆಗೆ ಪಿಸ್ಟನ್ನು ಕಚ್ಚಿಕೊಂಡು ಎಂಜಿನ್ನು ನಿಲ್ಲಬಹುದು. ಕಿಡಿ ಹೊತ್ತುವ ಕಾಲವು ಮುಂದಾಗಿದ್ದರೂ ವೇಗ ಹೆಚ್ಚುವುದರಿಂದ ಅದನ್ನೂ ಪರೀಕ್ಷಿಸಬೇಕು. ವಿದ್ಯುನ್ಮಾನ ಬಗೆಯದರಲ್ಲಿ ಐಡಲ್ ಗಾಳಿಯ ಕವಾಟವೂ ಥ್ರಾಟಲಿನ ಸ್ಥಾನಸೂಚಕವೂ ಶಂಕಾರ್ಹ.

ಐಡಲ್ ತಿರುಪನ್ನು ಮುಟ್ಟುವುದು ಇವೆಲ್ಲದರ ಬಳಿಕ. ಅನೇಕರು ಅದನ್ನೇ ಮೊದಲು ಸಡಿಲಿಸಿ ಸದ್ದು ಅಡಗಿತೆಂದು ತೃಪ್ತರಾಗುತ್ತಾರೆ. ಇದರಿಂದ ಲಕ್ಷಣ ಮರೆಯಾಗುತ್ತದೆಯೇ ಹೊರತು ಗಾಳಿಯ ಸೋರಿಕೆ ಹಾಗೆಯೇ ಉಳಿಯುತ್ತದೆ. ನಮ್ಮ ಕರಾವಳಿಯ ನಾಡದೋಣಿಗಳಲ್ಲಿಯೂ ಔಟ್‌ಬೋರ್ಡ್ ಎಂಜಿನ್ನುಗಳು ಬಳಕೆಯಲ್ಲಿವೆ. ದಡದಿಂದ ದೂರದಲ್ಲಿ ಎಂಜಿನ್ನು ನಿಂತರೆ ಮೀನುಗಾರನ ದಿನದ ದುಡಿಮೆಯೊಡನೆ ಅವನ ಪ್ರಾಣವೂ ಅಪಾಯಕ್ಕೆ ಒಳಗಾಗುತ್ತದೆ. ಸಾಕ್ಷ್ಯವನ್ನು ಅಳಿಸುವ ಮುನ್ನ ಅದು ಹೇಳುವುದನ್ನು ಪೂರ್ತಿಯಾಗಿ ಕೇಳಬೇಕೆಂಬ ನಿಯಮ ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದುದು. ಯಂತ್ರದ ಮುಂದೆ ಕುಳಿತವನಿಗೂ ಅದು ಅಷ್ಟೇ ಅವಶ್ಯಕ.