ಅಚ್ಚಿನ ಪುಸ್ತಕವೂ ಅದರ ಹೊಲಿಗೆಯೂ

ಮಳೆಗಾಲದಲ್ಲಿ ಪುಸ್ತಕದ ಪೆಟ್ಟಿಗೆಯನ್ನು ತೆರೆದೊಡನೆ ಮೂಗಿಗೆ ತಾಗುವ ಬೂಷ್ಟಿನ ವಾಸನೆಯನ್ನು ಕೊಡಗಿನವರಾದ ನಾವೆಲ್ಲರೂ ಬಲ್ಲೆವು. ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕಿ ಮಳೆ ಬೀಳುವದು. ತೇವವನ್ನು ಹೀರಿದ ಕಾಗದವು ಉಬ್ಬಿ, ರಟ್ಟು ಕಳಚಿ, ಹಾಳೆಗಳು ಉದುರುವವು. ಅಂಥಾ ಪುಸ್ತಕಗಳನ್ನು ಒಲೆಗೆ ಹಾಕುವವರೂ ಗುಜರಿಗೆ ಕೊಡುವವರೂ ಉಂಟು. ಹಾಗೆ ಮಾಡುವದಕ್ಕೆ ಮುಂಚೆ ಪುಸ್ತಕವು ಹೇಗೆ ಹುಟ್ಟುವದೆಂಬದನ್ನು ತಿಳಿಯುವದು ಒಳ್ಳೇದು. ಯಾಕಂದರೆ ಕಟ್ಟಿದ ಕ್ರಮವನ್ನು ಬಲ್ಲವರು ಅದನ್ನು ತಿರಿಗಿ ಕಟ್ಟಬಲ್ಲರು.

ಅಚ್ಚು ಬರುವದಕ್ಕೆ ಮೊದಲು ನಮ್ಮ ಪೂರ್ವಿಕರು ಓಲೆಗರಿಯ ಮೇಲೆ ಕಂಠದಿಂದ ಕೊರೆಯುತ್ತಿದ್ದರು. ಲೆಕ್ಕಪತ್ರಗಳಿಗೆ ಕಡತವಿತ್ತು. ಹುಣಿಸೇ ಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು.

ಕನ್ನಡದ ಅಚ್ಚಿನ ಮೊಳೆಗಳು ಮೊದಲು ದೂರದ ಬಂಗಾಳದಲ್ಲಿ ಕೆಲಸಕ್ಕೆ ಬಂದವು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಶನಿನವರು 1841ರಲ್ಲಿ ಕಲ್ಲಚ್ಚಿನಿಂದ ಆರಂಭಿಸಿದರು. ಹೆರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ'ವು 1843ರ ಜುಲೈ 1ರಂದು ಕಲ್ಲಚ್ಚಿನಿಂದಲೇ ಹೊರಟಿತು. ಅದೇ ಮೋಗ್ಲಿಂಗ್ ಅವರು ಮುಂದೆ ಕೊಡಗಿಗೆ ಬಂದು ನೆಲಸಿ ಬರೆದ ಕೊಡಗಿನ ವೃತ್ತಾಂತವು 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಶನ್ ಮುದ್ರಣಾಲಯದಿಂದ ಬಂದಿತು. ಜಿ. ರಿಕ್ಟರ್ ಅವರ ಕೊಡಗಿನ ಕೈಪಿಡಿಯು 1870ರಲ್ಲಿಯೂ, ಕಿಟ್ಟೆಲ್ ಅವರ ಮಹಾನಿಘಂಟು 1894ರಲ್ಲಿಯೂ ಮಂಗಳೂರಿನಿಂದ ಪ್ರಕಟವಾದವು.

ಮೊಳೆ ಜೋಡಿಸುವದು ತಾಳ್ಮೆಯ ಕೆಲಸ. ಸೀಸದ ಮೊಳೆಯಲ್ಲಿ ಅಕ್ಷರವು ಕನ್ನಡಿಯೊಳಗಿನ ಬಿಂಬದಂತೆ ತಿರುವುಮುರುವಾಗಿರುವದು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ದೊಡ್ಡ ಸಣ್ಣ ರೂಪಗಳು ಸಾಕಾದರೆ, ಕನ್ನಡಕ್ಕೆ ಕಾಗುಣಿತವೂ ಒತ್ತಕ್ಷರಗಳೂ ಕೂಡಿ ನೂರಾರು ಮೊಳೆಗಳು ಬೇಕು. ಜೋಡಿಸುವವನು ಒಂದೊಂದನ್ನೇ ಮನೆಯಿಂದ ಆರಿಸಿ, ಸಾಲುಗೂಡಿಸಿ, ದಾರದಿಂದ ಕಟ್ಟಿ, ಕರಡು ತೆಗೆದು ತಿದ್ದಿದ ಮೇಲೆ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಮಸಿ ಹಚ್ಚಿ ಒತ್ತುವರು. ಹಳೇ ಪುಸ್ತಕದ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಆ ಒತ್ತಿನ ಗುರುತು ಅನೇಕ ಸಾರಿ ತಿಳಿಯುವದು.

ಬಳಿಕ ರಟ್ಟು ಕಟ್ಟುವವರ ಕೆಲಸ. ದೊಡ್ಡ ಹಾಳೆಯ ಎರಡು ಬದಿಗಳಲ್ಲಿ ಹದಿನಾರು ಪುಟ ಅಚ್ಚೊತ್ತಿ, ಮಡಚಿದರೆ ಒಂದು ಕಂತೆಯಾಗುವದು. ಕಂತೆಗಳ ಮಡಿಕೆಯಲ್ಲಿ ತೂತು ಮಾಡಿ, ಮೇಣ ಹಚ್ಚಿದ ದಾರದಿಂದ ಒಂದನ್ನೊಂದಕ್ಕೆ ಸೇರಿಸಿ ಹೊಲಿದು, ಬೆನ್ನಿಗೆ ಅಂಟು ಹಚ್ಚಿ ಬಟ್ಟೆಯನ್ನೂ ರಟ್ಟನ್ನೂ ಕೂಡಿಸುವರು. ಆದಕಾರಣ ರಟ್ಟು ಕಳಚಿದ ಮಾತ್ರಕ್ಕೆ ಪುಸ್ತಕವು ಸತ್ತಂತಲ್ಲ. ಮಡಿಕೆಗಳು ಹರಿಯದಿದ್ದರೆ ಹಳೇ ತೂತುಗಳಲ್ಲಿಯೇ ಹೊಸ ದಾರವನ್ನು ಹಾಯಿಸಬಹುದು.

ಇದನ್ನು ನಾನು ತಡವಾಗಿ ಕಲಿತೆನು. ನನ್ನ ಅಜ್ಜಿಯ ಪಾಠಪುಸ್ತಕವೊಂದು ನನ್ನ ಪಾಲಿಗೆ ಬಂದಿತ್ತು. ಅದರ ಅಂಚಿನಲ್ಲಿ ಅವರ ಕೈಬರಹವಿತ್ತು. ಹರಿದ ಹಾಳೆಗಳಿಗೆ ಪೇಟೆಯ ಅಂಟುಪಟ್ಟಿಯನ್ನು ಹಚ್ಚಿ, ಉಪಕಾರ ಮಾಡಿದೆನೆಂದು ಹಿಗ್ಗಿದೆನು. ಹತ್ತು ವರುಷಗಳಲ್ಲಿ ಪಟ್ಟಿಯು ಹಳದಿಯಾಯಿತು. ಬಿಡಿಸಹೋದಾಗ ಅಜ್ಜಿಯ ಅಕ್ಷರಗಳೂ ಅದರೊಂದಿಗೆ ಎದ್ದು ಬಂದವು. ಅವು ಇನ್ನು ಸಿಕ್ಕವು.

ಆದುದರಿಂದ ತಾಯಂದಿರೇ, ಹಳೇ ವಿದ್ಯಾರ್ಥಿನಿಯರೇ, ಕೆಲವು ಮಾತುಗಳನ್ನು ನೆನಪಿನಲ್ಲಿಡಿರಿ. ತೇವವಾದ ಪುಸ್ತಕವನ್ನು ಉರಿಬಿಸಿಲಿಗಿಡದೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಆರಿಸತಕ್ಕದ್ದು. ಬೂಷ್ಟು ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಮೆತ್ತಗಿನ ಕುಂಚದಿಂದ ಒರಸಿರಿ. ಹರಿದಲ್ಲಿಗೆ ತೆಳ್ಳಗಿನ ಕಾಗದವನ್ನು ಗೋದಿಯ ಗಂಜಿಯಿಂದ ಹಚ್ಚಿರಿ. ಅಂಥಾ ಅಂಟನ್ನು ಬೇಕಾದಾಗ ನೀರು ತಾಗಿಸಿ ಬಿಡಿಸಬಹುದು. ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸಬೇಡಿರಿ.

ಈಗ ಅಚ್ಚಿನ ಕೆಲಸವೆಲ್ಲ ಗಣಕಯಂತ್ರದಿಂದ ಆಗುವದು. ಮೊಳೆ ಜೋಡಿಸುವ ಕೈಗಳು ವಿರಳವಾದವು. ಆದರೆ ಸೂಜಿದಾರವು ಪ್ರತಿ ಮನೆಯಲ್ಲಿಯೂ ಉಂಟು. ನಮ್ಮ ಹುಡುಗಿಯರಿಗೆ ಹೊಲಿಗೆಯೂ ಬರುವದು. ಅಂಗಿಯ ಹರಕನ್ನು ಹೊಲಿಯುವ ಕೈ ಪುಸ್ತಕದ ಬೆನ್ನನ್ನೂ ಹೊಲಿಯಲಿ. ನಿಮ್ಮ ಮನೆಯ ಪೆಟ್ಟಿಗೆಯನ್ನು ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ತೆರೆದು ನೋಡಿರೆಂದು ಬೇಡಿಕೊಳ್ಳುತ್ತೇನೆ.