ಅಪ್ಪೆಮಿಡಿಯ ಸೊನೆ, ಹಾಪ್ಸ್‌ನ ಕಹಿ

ಮಾರ್ಚ್ ಮುಗಿಯುವ ಹೊತ್ತಿಗೆ ಶಿವಮೊಗ್ಗದ ಮಾರುಕಟ್ಟೆಗೆ ಅಪ್ಪೆಮಿಡಿ ಬರುತ್ತದೆ. ಹೊಸನಗರ, ರಿಪ್ಪನ್‌ಪೇಟೆ, ಸಾಗರದ ಕಡೆಯ ಮಿಡಿಗಳು ಗೋಣಿತಾಟಿನ ಮೇಲೆ ರಾಶಿ ಬೀಳುತ್ತವೆ. ನೂರಕ್ಕೆ ಇಷ್ಟು ಎಂದು ವ್ಯಾಪಾರ. ಕೊಳ್ಳಲು ಬಂದ ಹೆಂಗಸರು ದರ ಕೇಳುವುದಕ್ಕೂ ಮೊದಲು ಒಂದು ಮಿಡಿ ಎತ್ತಿಕೊಂಡು ತೊಟ್ಟು ಮುರಿದು ಮೂಗಿಗೆ ಹಿಡಿಯುತ್ತಾರೆ. ಚಟ್ಟನೆ ಚಿಮ್ಮುವ ಸೊನೆಯಲ್ಲಿ ಜೀರಿಗೆಯ ಘಮ, ಹಿಂದೆಯೇ ಕರ್ಪೂರದಂಥ ಘಾಟು. ಹಿಡಿಸದಿದ್ದರೆ ಮಿಡಿಯನ್ನು ರಾಶಿಗೆ ಹಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಇಷ್ಟು ಚೊಕ್ಕವಾಗಿ ಮೂಗಿನಿಂದಲೇ ಪರೀಕ್ಷೆ ಮಾಡಬಲ್ಲ ಜನ ಬೇರೆಲ್ಲಿದ್ದಾರೋ!

ಈ ಮೂಗಿಗೆ ಅಮೆರಿಕದ ಕ್ರಾಫ್ಟ್ ಬಿಯರ್ ಪರಕೀಯ ಅನ್ನಿಸಲಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಮಾವಿನ ಸೊನೆಯ ಘಾಟಿನಲ್ಲಿ ಮೈರ್ಸೀನ್ ಎಂಬ ತೈಲಾಂಶಕ್ಕೆ ದೊಡ್ಡ ಪಾಲಿದೆ. ಬಿಯರಿಗೆ ಕಹಿ ಮತ್ತು ಕಂಪು ಕೊಡುವ ಹಾಪ್ಸ್ ಎಂಬ ಬಳ್ಳಿಯ ಹೂವಿನ ಎಣ್ಣೆಯಲ್ಲೂ ಅದೇ ಮೈರ್ಸೀನ್ ಇದೆ.

ಜೂನ್ ಹೊತ್ತಿಗೆ ಮಿಡಿ ಉಪ್ಪಿನಲ್ಲಿ ಚಿರುಟಿ ಭರಣಿ ಸೇರಿರುತ್ತದೆ. ಕ್ಯಾಲಿಫೋರ್ನಿಯಾ, ಮಿಷಿಗನ್ ಕಡೆಯ ಮಕ್ಕಳು ರಜೆಗೆ ಊರಿಗೆ ಬಂದಿರುತ್ತಾರೆ. ವಿಮಾನದಲ್ಲಿ ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. 355 ಮಿಲಿಲೀಟರಿನ ಕ್ಯಾನಾದರೆ ಐದು. ಮಡಿಸಿದ ಅಂಗಿಗಳ ನಡುವೆ ಬಂದ ಆ ಐದರಲ್ಲಿ ಒಂದು, ಶಿವಮೊಗ್ಗದ ವಿನೋಬನಗರದ ಮನೆಯೊಂದರ ಜಗಲಿಯಲ್ಲಿ, ಮಳೆ ಹೊಯ್ಯುವ ಸಂಜೆ ತೆರೆದುಕೊಳ್ಳುತ್ತದೆ. ಲೋಟಕ್ಕೆ ಬಗ್ಗಿಸಿದರೆ ಜೋನಿ ಬೆಲ್ಲದ ತಿಳಿಗೆಂಪು, ಮೇಲೆ ಎರಡು ಬೆರಳು ನೊರೆ. ನೊರೆ ಇಳಿಯುವ ಮೊದಲೇ ಕಂಚಿಕಾಯಿ ಸಿಪ್ಪೆ ಸುಲಿದ ವಾಸನೆ ಏಳುತ್ತದೆ. ಮೊದಲ ಗುಟುಕಿಗೆ ಹುರಿದ ಧಾನ್ಯದ ಸಿಹಿ. ಗಂಟಲಿಳಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿ ಕೂರುತ್ತದೆ, ಬೇಗ ಏಳುವುದಿಲ್ಲ. ಹಾಗಲಕಾಯಿ ಗೊಜ್ಜು ಉಂಡವರು, ಅಡಿಕೆಯ ಚೊಗರು ಬಲ್ಲವರು ಇದಕ್ಕೆ ಮುಖ ಸಿಂಡರಿಸುವುದಿಲ್ಲ. ಅಂಗಡಿಯ ತೆಳು ಲಾಗರ್ ಮಾತ್ರ ಕುಡಿದು ಬಿಯರೆಂದರೆ ಇಷ್ಟೇ ಅಂದುಕೊಂಡವರಿಗೇ ಬೆರಗು ಹೆಚ್ಚು.

ಆ ಕ್ಯಾನು ಸಿಯೆರಾ ನೆವಾಡಾ ಪೇಲ್ ಏಲ್. ಕ್ಯಾಲಿಫೋರ್ನಿಯಾದ ಚೀಕೊ ಊರಿನಲ್ಲಿ ಕೆನ್ ಗ್ರಾಸ್‌ಮನ್ 1980ರಲ್ಲಿ ಅದನ್ನು ಕುದಿಸಲು ಶುರುಮಾಡಿದಾಗ ಬಳಸಿದ್ದು ಆರೆಗಾನ್‌ನ ಸಂಶೋಧಕರು 1972ರಲ್ಲಿ ಬಿಡುಗಡೆ ಮಾಡಿದ್ದ ಕ್ಯಾಸ್ಕೇಡ್ ತಳಿಯ ಹಾಪ್ಸ್. ಕಂಚಿಕಾಯಿಯ ಆ ವಾಸನೆ ಅದರದ್ದೇ. ಆಗ ಅಮೆರಿಕದಲ್ಲಿ ಉಳಿದಿದ್ದ ಬಿಯರ್ ಕಾರ್ಖಾನೆಗಳು ನೂರಕ್ಕೂ ಕಡಿಮೆ. ಇವತ್ತು ಒಂಬತ್ತು ಸಾವಿರ ದಾಟಿವೆ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅನುಮತಿಸುವ ಕಾನೂನಿಗೆ ಸಹಿ ಹಾಕಿದ್ದರಿಂದ ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡವರು ಆಮೇಲೆ ಭಟ್ಟಿ ಹೂಡಿದರು.

ಆ ಕಾರ್ಖಾನೆಗಳ ಸಂಖ್ಯೆ ನೂರಕ್ಕಿಂತ ಕೆಳಗಿಳಿದ ಕಥೆಯ ಹಿಂದೆ 1920ರಿಂದ 1933ರವರೆಗಿನ ಪಾನನಿಷೇಧವಿದೆ. ಭದ್ರಾವತಿಯ ಹಳಬರಿಗೆ ಈ ಇಸವಿಗಳು ಬೇರೊಂದನ್ನು ನೆನಪಿಸಬೇಕು. ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಕಂಪನಿಯ ಎಂಜಿನಿಯರುಗಳ ಸಲಹೆಯಲ್ಲಿ, ವಿಶ್ವೇಶ್ವರಯ್ಯನವರ ಹಟದಿಂದ, ಭದ್ರೆಯ ದಡದಲ್ಲಿ ಎದ್ದ ಕಬ್ಬಿಣದ ಕಾರ್ಖಾನೆ ಕಬ್ಬಿಣ ಇಳಿಸತೊಡಗಿದ್ದು 1923ರಲ್ಲಿ. ಕಾಡಿನ ಸೌದೆಯನ್ನು ಇದ್ದಿಲು ಮಾಡುವಾಗ ಹೊರಡುವ ಹೊಗೆಯನ್ನು ತಣಿಸಿ ಅಲ್ಲಿ ಮೆಥನಾಲನ್ನೂ ಇಳಿಸುತ್ತಿದ್ದರು. ಅದು ಕಾರ್ಖಾನೆಗಳಿಗೆ ಬೇಕಾದ ವಸ್ತು, ಕುಡಿದರೆ ಕಣ್ಣೂ ಹೋದೀತು, ಜೀವವೂ ಹೋದೀತು. ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಮೆಥನಾಲ್ ಬೆರೆತ ಕಳ್ಳಮದ್ಯ ಕುಡಿದು ಜನ ಸಾಯುತ್ತಿದ್ದರು. ಒಳ್ಳೆಯ ಬಿಯರನ್ನು ಬೆಳಕಿನಲ್ಲಿ, ನಾಲ್ಕು ಜನರ ನಡುವೆ, ರುಚಿ ನೋಡುತ್ತಾ ಕುಡಿಯುವುದಕ್ಕೆ ನಾನು ಇಷ್ಟು ಬೆಲೆ ಕೊಡುವುದು ಈ ಚರಿತ್ರೆ ಓದಿದ ಮೇಲೆ.

ಹೊಸಬರು ಅಲಗಾಶ್ ವೈಟ್‌ನಿಂದ ಶುರುಮಾಡಲಿ. ಮೇನ್ ರಾಜ್ಯದ ಈ ಗೋಧಿ ಬಿಯರಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ; ಕಹಿ ಬಹಳ ಕಡಿಮೆ. ಭದ್ರಾವತಿ ಪೇಟೆಯ ಖಾರಾ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿಯ ಜೊತೆ ಇದು ಬಾಯಿಯ ಉರಿ ಆರಿಸುತ್ತದೆ. ಕಹಿ ಬೇಕೆನ್ನುವವರಿಗೆ ಮಿಷಿಗನ್ನಿನ ಬೆಲ್ಸ್ ಟೂ ಹಾರ್ಟೆಡ್. ಅಲ್ಲಿನ ಒಂದು ನದಿಯ ಹೆಸರೇ ಅದಕ್ಕಿದೆ, ಡಬ್ಬಿಯ ಮೇಲೆ ಮೀನಿನ ಚಿತ್ರ. ನದಿ ಮೀನಿನ ಹುರುಕಲು ಅಥವಾ ಕಳಲೆ ಪಲ್ಯದ ಪಕ್ಕದಲ್ಲಿಟ್ಟರೆ ಸೈ. ಆದರೆ ಮದ್ಯಸಾರ ಶೇ 7, ಅರ್ಧ ಲೋಟಕ್ಕೇ ನಿಲ್ಲಿಸುವುದು ಜಾಣತನ. ತುಂಬ ಖಾರದ ಕೋಳಿ ಸಾರಿಗೆ ಇದನ್ನು ಜೊತೆ ಮಾಡಬೇಡಿ. ಕಹಿಯೂ ಮದ್ಯಸಾರವೂ ಖಾರವನ್ನು ಕೆರಳಿಸುತ್ತವೆ, ಎರಡರ ರುಚಿಯೂ ಕೆಡುತ್ತದೆ. ಊಟ ಮುಗಿದ ಮೇಲೆ ಫೌಂಡರ್ಸ್ ಬ್ರೇಕ್‌ಫಾಸ್ಟ್ ಸ್ಟೌಟ್. ಓಟ್ಸ್, ಕಾಫಿ, ಚಾಕೊಲೇಟ್ ಹಾಕಿ ಮಾಡಿದ ಕಡುಗಪ್ಪು ಬಿಯರ್. ತೊಡೆದೇವಿನ ಒಂದು ಪದರ ಮುರಿದು ಬಾಯಿಗಿಟ್ಟು ಇದನ್ನು ಗುಟುಕರಿಸಿದರೆ ಕಬ್ಬಿನ ಹಾಲಿನ ಸಿಹಿ, ಕಾಫಿಯ ಕಹಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ನಾನು ಶಿಫಾರಸು ಮಾಡುವ ಜೋಡಿಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಅಮೆರಿಕದಿಂದ ಬರುವ ನೆಂಟರಿಲ್ಲದವರಿಗೆ ಬೆಂಗಳೂರಿದೆ. 2012ರಲ್ಲಿ ಆನ್ ಆರ್ಬರ್ ಊರಿನ ಆರ್ಬರ್ ಬ್ರೂಯಿಂಗ್ ಕಂಪನಿಯ ಹೆಸರಿನಲ್ಲಿ ಮ್ಯಾಗ್ರಾತ್ ರಸ್ತೆಯಲ್ಲಿ ತೆರೆದ ಕಿರುಭಟ್ಟಿ, ಅಮೆರಿಕದ ಕಹಿಯನ್ನು ರೇಜಿಂಗ್ ಎಲಿಫೆಂಟ್ ಎಂಬ ಐಪಿಎ (ಇಂಡಿಯಾ ಪೇಲ್ ಏಲ್) ಮೂಲಕ ನಮ್ಮವರಿಗೆ ಕುಡಿಸಿತು. ಭಟ್ಟಿಯ ಪಕ್ಕದಲ್ಲೇ ಕುಡಿಯುವುದರಲ್ಲಿ ಲಾಭವಿದೆ: ಹಾಪ್ಸ್‌ನ ಕಂಪಿಗೆ ಆಯಸ್ಸು ಕಡಿಮೆ.

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ನೀರು ಮೆತ್ತಗಿದ್ದಷ್ಟೂ ಹಾಪ್ಸ್‌ನ ಕಹಿ ನಯವಾಗಿ ಕೂರುತ್ತದೆ; ಬೊಹೀಮಿಯಾದ ಪಿಲ್ಸನ್ ಊರು ಹೆಸರಾದದ್ದೇ ತನ್ನ ಮೆದುನೀರಿನಿಂದ. ಗಂಗಾ ಸ್ನಾನ, ತುಂಗಾ ಪಾನ ಎಂದು ಹಿರಿಯರು ಹೊಗಳಿದ ನೀರು ಶಿವಮೊಗ್ಗದ ನಡುವೆಯೇ ಹರಿಯುತ್ತಿದೆ. ಆ ನೀರಿಗೆ ಕ್ಯಾಸ್ಕೇಡ್ ಹಾಕಿ, ಕೊನೆಯಲ್ಲಿ ನಾಲ್ಕು ಅಪ್ಪೆಮಿಡಿ ಜಜ್ಜಿ ಬಿಟ್ಟು ಒಂದು ಪೇಲ್ ಏಲ್ ಕುದಿಸುವ ಭಟ್ಟಿಗಾರ ಸಿಕ್ಕರೆ ಮೊದಲ ಲೋಟಕ್ಕೆ ಸರದಿಯಲ್ಲಿ ನಿಲ್ಲುವವನು ನಾನು.